ಬಾವುಟ ಎಲ್ಲಿಯದೋ, ಎಣ್ಣೆ ನಮ್ಮ ಬಲೆಗೆ

2025ರ ಜೂನ್ 9ರ ರಾತ್ರಿ ನೌಕಾಪಡೆಯ ಐಎನ್‌ಎಸ್ ಸೂರತ್ ಪಣಂಬೂರಿನ ನವಮಂಗಳೂರು ಬಂದರಿಗೆ ಬಂದು 18 ನಾವಿಕರನ್ನು ಇಳಿಸಿತು. ಕೆಲವರ ಮೈ ಬೆಂದಿತ್ತು. ಅವರು ಬಿಟ್ಟು ಬಂದ ವಾನ್ ಹೈ 503 ಎಂಬ ಕಂಟೇನರ್ ಹಡಗು ಕಣ್ಣೂರಿನಾಚೆಯ ಸಮುದ್ರದಲ್ಲಿ ಇನ್ನೂ ಉರಿಯುತ್ತಲೇ ಇತ್ತು. ಹಡಗಿನಲ್ಲಿದ್ದವರು 22 ಮಂದಿ. ನಾಲ್ವರು ಬರಲಿಲ್ಲ.

ಅದಕ್ಕೆ ಎರಡು ವಾರ ಮೊದಲು, ಮೇ 25ರಂದು, ವಿಳಿಞಂನಿಂದ ಕೊಚ್ಚಿಗೆ ಹೊರಟಿದ್ದ ಎಂಎಸ್‌ಸಿ ಎಲ್ಸಾ 3 ವಾಲಿ ಮುಳುಗಿತ್ತು. 1997ರಲ್ಲಿ ಕಟ್ಟಿದ ಹಡಗು. ಮೇಲೆ 640 ಕಂಟೇನರುಗಳು. 13ರಲ್ಲಿ ಅಪಾಯಕಾರಿ ಸರಕು, 12ರಲ್ಲಿ ನೀರು ತಾಗಿದರೆ ಉರಿಯುವ ಅನಿಲ ಬಿಡುವ ಕ್ಯಾಲ್ಸಿಯಂ ಕಾರ್ಬೈಡ್. ಟ್ಯಾಂಕುಗಳಲ್ಲಿ 367 ಟನ್ ಫರ್ನೇಸ್ ಆಯಿಲ್, 84 ಟನ್ ಡೀಸೆಲ್. 24 ಮಂದಿಯೂ ಬದುಕಿದರು, ದೇವರು ದೊಡ್ಡವನು. ಆದರೆ ಕೇರಳದ ತೀರಕ್ಕೆ ಬಿಳಿಯ ಪ್ಲಾಸ್ಟಿಕ್ ಕಾಳು ರಾಶಿರಾಶಿಯಾಗಿ ಬಂದು ಬಿತ್ತು. ಮೀನು ಕೊಳ್ಳುವವರಿಲ್ಲದೆ ಮೀನುಗಾರರ ಮನೆಗಳಲ್ಲಿ ಒಲೆ ಉರಿಯುವುದೇ ಕಷ್ಟವಾಯಿತು.

ಆ ದಿನಗಳಲ್ಲಿ ನಮ್ಮ ಕಡೆ, ಕುಮಟಾ ತಾಲ್ಲೂಕಿನ ಅಘನಾಶಿನಿ ದಂಡೆಯಲ್ಲಿ, ಯಾರ ಮನೆ ಜಗಲಿಗೆ ಹೋದರೂ ನನ್ನನ್ನು ಒಂದೇ ಪ್ರಶ್ನೆ ಕೇಳುತ್ತಿದ್ದರು. ‘ಲೈಬೀರಿಯಾದವ್ರ ಹಡಗು ಇಲ್ಲಿಗೆ ಎಂತಕ್ಕೆ ಬಂತು?’ ನಾನು ಹಡಗಿನ ಎಂಜಿನ್ ರೂಮಿನಲ್ಲಿ ಆಯುಷ್ಯ ಕಳೆದು ಚೀಫ್ ಎಂಜಿನಿಯರ್ ಆಗಿ ನಿವೃತ್ತನಾದವನು, ನನಗೆ ಉತ್ತರ ಗೊತ್ತಿರಬೇಕು ಎಂಬುದು ಅವರ ನಂಬಿಕೆ. ಗೊತ್ತಿದೆ. ಅವರು ಕೇಳುವ ಎಲ್ಸಾ 3 ಲೈಬೀರಿಯಾದವರದಲ್ಲ. ಓಡಿಸುತ್ತಿದ್ದ ಕಂಪನಿಯ ಮುಖ್ಯ ಕಚೇರಿ ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿದೆ. ನಾವಿಕರಲ್ಲಿ ಹೆಚ್ಚಿನವರು ಫಿಲಿಪ್ಪೀನ್ಸಿನವರು. ಹೊರಟದ್ದು ಭಾರತದ ಒಂದು ಬಂದರಿನಿಂದ, ಹೋಗುತ್ತಿದ್ದದ್ದು ಭಾರತದ ಇನ್ನೊಂದು ಬಂದರಿಗೆ. ಲೈಬೀರಿಯಾದ್ದು ಎಂದರೆ ಬಾವುಟವೊಂದೇ. ಆದರೂ ಆ ಹಡಗಿಗೆ ಸಮುದ್ರಕ್ಕಿಳಿಯುವ ಯೋಗ್ಯತೆ ಇದೆಯೇ ಎಂದು ನೋಡುವ ಮೊದಲ ಜವಾಬ್ದಾರಿ ಅಂತರರಾಷ್ಟ್ರೀಯ ಕಾನೂನಿನ ಪ್ರಕಾರ ಲೈಬೀರಿಯಾದ್ದು.

ಇದನ್ನು ಕೇಳಿದವರು ನಾನು ಏನೋ ಬಿಟ್ಟು ಹೇಳುತ್ತಿದ್ದೇನೆ ಎಂಬಂತೆ ನೋಡುತ್ತಾರೆ. ಏನೂ ಬಿಟ್ಟಿಲ್ಲ, ವ್ಯವಸ್ಥೆ ಇರುವುದೇ ಹಾಗೆ. 1922ರಲ್ಲಿ ಅಮೆರಿಕದಲ್ಲಿ ಪಾನನಿಷೇಧ ಇದ್ದಾಗ ಅಲ್ಲಿನ ಎರಡು ಪ್ರಯಾಣಿಕರ ಹಡಗುಗಳು ಮದ್ಯ ಮಾರುವುದಕ್ಕಾಗಿ ಪನಾಮಾ ಬಾವುಟ ಹಾರಿಸಿದವು. ಹಾದಿ ಸಿಕ್ಕಿತು. ಸಂಬಳದ ಕಾನೂನಿನಿಂದ, ತೆರಿಗೆಯಿಂದ, ಕಾರ್ಮಿಕ ಸಂಘಗಳಿಂದ ತಪ್ಪಿಸಿಕೊಳ್ಳುವವರು ಅದೇ ಹಾದಿ ಹಿಡಿದರು. 1948ರಲ್ಲಿ ಅಮೆರಿಕದ ಮಾಜಿ ವಿದೇಶಾಂಗ ಸಚಿವ ಎಡ್ವರ್ಡ್ ಸ್ಟೆಟಿನಿಯಸ್ ಮುಂದೆ ನಿಂತು ಲೈಬೀರಿಯಾದ ನೋಂದಣಿ ವ್ಯವಸ್ಥೆಯನ್ನು ಕಟ್ಟಿಸಿದರು. ಇಂದಿಗೂ ಆ ನೋಂದಣಿಯನ್ನು ನಡೆಸುವ ಖಾಸಗಿ ಕಂಪನಿ ಇರುವುದು ವಾಷಿಂಗ್ಟನ್ ಪಕ್ಕದ ವರ್ಜೀನಿಯಾ ರಾಜ್ಯದಲ್ಲಿ. ಶಾಂತಸಾಗರದ ಮಾರ್ಷಲ್ ದ್ವೀಪಗಳ ನೋಂದಣಿ ಕಚೇರಿಯೂ ಅದೇ ರಾಜ್ಯದಲ್ಲಿದೆ. ಪನಾಮಾ, ಲೈಬೀರಿಯಾ, ಮಾರ್ಷಲ್ ದ್ವೀಪ, ಈ ಮೂರೇ ಬಾವುಟಗಳ ಕೆಳಗೆ ಜಗತ್ತಿನ ವಾಣಿಜ್ಯ ಹಡಗುಗಳ ಒಟ್ಟು ಭಾರಸಾಮರ್ಥ್ಯದ ಶೇ 40ಕ್ಕೂ ಹೆಚ್ಚು ಪಾಲಿದೆ.

ನನ್ನ ಹಡಗುಗಳ ಹಿಂಬದಿಯಲ್ಲಿ ದಪ್ಪ ಅಕ್ಷರದಲ್ಲಿ ಒಮ್ಮೆ ಪನಾಮಾ, ಒಮ್ಮೆ ಮನ್ರೋವಿಯಾ, ಒಮ್ಮೆ ಮಜುರೊ ಎಂದು ಬರೆದಿರುತ್ತಿತ್ತು. ಆ ಊರುಗಳಲ್ಲಿ ನಾನು ಕಾಲಿಟ್ಟಿಲ್ಲ, ಹಡಗೂ ಅಲ್ಲಿಗೆ ಹೋಗಲಿಲ್ಲ. ಅಲ್ಲಿನ ಸರ್ಕಾರದ ಸಂಬಳ ತಿನ್ನುವ ಅಧಿಕಾರಿಯೊಬ್ಬ ನನ್ನ ಎಂಜಿನ್ ರೂಮಿಗೆ ಇಳಿದದ್ದನ್ನು ನಾನು ಕಾಣಲಿಲ್ಲ. ಭಾರತದಲ್ಲಿ ಪರೀಕ್ಷೆ ಕಟ್ಟಿ ಪಡೆದ ನನ್ನ ಸರ್ಟಿಫಿಕೇಟಿಗೆ ಆ ದೇಶದ ಮಾನ್ಯತಾ ಪತ್ರ ಬೇಕು. ಅದು ಏಜೆಂಟನ ಮೂಲಕ ಲಕೋಟೆಯಲ್ಲಿ ಬರುತ್ತಿತ್ತು. ಹಡಗಿನ ತಪಾಸಣೆಯನ್ನು ಬಾವುಟದ ದೇಶ ಬಹುಮಟ್ಟಿಗೆ ಹಡಗಿನ ಗುಣಮಟ್ಟ ಪ್ರಮಾಣೀಕರಿಸುವ ಕ್ಲಾಸ್ ಸೊಸೈಟಿಗಳಿಗೆ ವಹಿಸಿಕೊಟ್ಟಿರುತ್ತದೆ. ಕ್ಲಾಸ್ ಸರ್ವೇಯರ್‌ಗಳಲ್ಲಿ ನಾನು ಕಂಡವರು ಹೆಚ್ಚಿನವರು ಬಲ್ಲವರು, ಪ್ರಾಮಾಣಿಕರು. ಆದರೆ ಅವರ ಶುಲ್ಕ ಕೊಡುವವನು ಹಡಗಿನ ಮಾಲೀಕ. ಬಾವುಟದ ಶುಲ್ಕ ಕೊಡುವವನೂ ಅವನೇ. ಒಂದು ಬಾವುಟ ಬಿಗಿಯಾದರೆ ಸಡಿಲವಾದ ಇನ್ನೊಂದಕ್ಕೆ ಹೋಗುವ ಸ್ವಾತಂತ್ರ್ಯವೂ ಅವನದೇ. ತನ್ನ ಪರೀಕ್ಷಕನನ್ನು ತಾನೇ ಆರಿಸಿಕೊಂಡು, ತಾನೇ ಸಂಬಳ ಕೊಟ್ಟು, ಬೇಡವೆಂದರೆ ಬದಲಾಯಿಸಬಹುದಾದ ವಿದ್ಯಾರ್ಥಿಯ ಅಂಕಪಟ್ಟಿಯನ್ನು ಎಷ್ಟು ನಂಬುತ್ತೀರಿ?

ಹಾಗಾದರೆ ಹಡಗುಗಳು ದಿನವೂ ಮುಳುಗಬೇಕಿತ್ತಲ್ಲ, ಯಾಕೆ ಮುಳುಗುವುದಿಲ್ಲ? ಇದಕ್ಕೆ ನಾನು ಕಣ್ಣಾರೆ ಕಂಡ ಉತ್ತರವಿದೆ.

ಪನಾಮಾ ಬಾವುಟದ ಒಂದು ಬಲ್ಕ್ ಹಡಗು, ಹಳೆಯದು. ಎಂಜಿನ್ ರೂಮಿಗೆ ಬೆಂಕಿ ಬಿದ್ದರೆ ಹೊರಗಿನಿಂದಲೇ ಎಣ್ಣೆ ಟ್ಯಾಂಕುಗಳನ್ನು ಮುಚ್ಚುವ ಕ್ವಿಕ್ ಕ್ಲೋಸಿಂಗ್ ವಾಲ್ವ್‌ಗಳಿರುತ್ತವೆ. ನಾನು ಆ ಹಡಗು ಹತ್ತಿದಾಗ ಅವುಗಳಲ್ಲಿ ಎರಡನ್ನು ತಂತಿ ಸುತ್ತಿ ತೆರೆದೇ ಇರುವಂತೆ ಕಟ್ಟಿದ್ದರು, ಸ್ಪ್ರಿಂಗ್ ಸವೆದು ತಾವಾಗಿಯೇ ಬಿದ್ದುಹೋಗುತ್ತಿದ್ದವೆಂದು. ತುರ್ತು ಫೈರ್ ಪಂಪು ನೀರು ಎಳೆಯಲು ಹತ್ತು ಸಲ ತಿಣುಕುತ್ತಿತ್ತು. ಎಮರ್ಜೆನ್ಸಿ ಜನರೇಟರ್ ಕರೆಂಟು ಹೋದ 45 ಸೆಕೆಂಡಿನೊಳಗೆ ತಾನೇ ಚಾಲೂ ಆಗಿ ದೀಪ ಕೊಡಬೇಕೆಂಬುದು ನಿಯಮ. ನಮ್ಮದಕ್ಕೆ ಒಬ್ಬ ಹೋಗಿ ಕೈಯಲ್ಲಿ ಚಾಲೂ ಮಾಡಬೇಕಿತ್ತು. ಎಲ್ಲವನ್ನೂ ಬರೆದು ಕಂಪನಿಗೆ ಸ್ಪೇರ್ ಕೇಳಿದೆ. ಮುಂದಿನ ಬಂದರಿನಲ್ಲಿ ನೋಡೋಣ ಎಂಬ ಉತ್ತರ ಬಂತು. ಮುಂದಿನ ಬಂದರು ಬಂತು, ಹೋಯಿತು. ಅದರ ಮುಂದಿನದೂ ಹೋಯಿತು.

ಆಮೇಲೆ ಒಂದು ದಿನ ಚಾರ್ಟರ್, ಅಂದರೆ ಹಡಗಿನ ಬಾಡಿಗೆ ಕರಾರು, ಬದಲಾಯಿತು. ಕಲ್ಲಿದ್ದಲು ತರಲು ಆಸ್ಟ್ರೇಲಿಯಾಕ್ಕೆ ಹೋಗಬೇಕು. ಒಂದೇ ವಾರದಲ್ಲಿ ಸಿಂಗಪುರದಲ್ಲಿ ದೋಣಿ ತುಂಬ ಸ್ಪೇರ್ ಬಂತು. ವಾಲ್ವ್ ಬಂತು, ಪಂಪಿನ ಇಂಪೆಲ್ಲರ್ ಬಂತು, ಲೈಫ್‌ಬೋಟಿಗೆ ಹೊಸ ಬ್ಯಾಟರಿ ಬಂತು. ಕೆಲಸಕ್ಕೆಂದು ನಾಲ್ಕು ಫಿಟ್ಟರುಗಳು ಹತ್ತಿದರು. ಕಾರಣ ಎಲ್ಲ ನಾವಿಕರಿಗೂ ಗೊತ್ತು: ಆಸ್ಟ್ರೇಲಿಯಾದ ತಪಾಸಣಾಧಿಕಾರಿ ಕಾಗದ ನೋಡಿ ಚಹಾ ಕುಡಿದು ಹೋಗುವವನಲ್ಲ. ಬಾಯ್ಲರ್ ಸೂಟ್ ಹಾಕಿಕೊಂಡು ಕೆಳಗಿಳಿದು, ‘ಪಂಪ್ ಚಾಲೂ ಮಾಡಿ, ಡೆಕ್ ಮೇಲೆ ಎರಡು ಹೋಸಿನಲ್ಲಿ ನೀರು ತೋರಿಸಿ’ ಅನ್ನುತ್ತಾನೆ. ನೀರು ಬಾರದಿದ್ದರೆ ಡಿಟೆನ್ಷನ್, ಹಡಗನ್ನು ಬಂದರಿನಲ್ಲೇ ತಡೆದು ನಿಲ್ಲಿಸುತ್ತಾರೆ. ಮತ್ತೆ ಮತ್ತೆ ಸಿಕ್ಕಿಬಿದ್ದ ಹಡಗನ್ನು ತಿಂಗಳುಗಟ್ಟಲೆ ತಮ್ಮ ಬಂದರುಗಳಿಗೇ ಬಾರದಂತೆ ಮಾಡುತ್ತಾರೆ. ಹಡಗು ಕಟ್ಟೆಗೆ ಕಟ್ಟಿಕೊಂಡು ನಿಂತರೆ ಮಾಲೀಕನಿಗೆ ದಿನಕ್ಕೆ ಸಾವಿರಾರು ಡಾಲರ್ ನಷ್ಟ. ಆ ಲೆಕ್ಕ ಸ್ಪೇರ್ ತರಿಸಿತು.

ಅದೇ ಹಡಗು, ಅದೇ ಬಾವುಟ, ಅದೇ ಮಾಲೀಕ, ಅದೇ ನಾವು. ಬದಲಾದದ್ದು ಹೋಗುವ ಬಂದರು ಒಂದೇ. ನನ್ನ ವಾದವೆಲ್ಲ ಇದರಲ್ಲಿದೆ. ಬಾವುಟದ ಹೆಸರು ಕೇಳಿ ಸಿಟ್ಟಾಗುವುದರಿಂದ ನಮ್ಮ ತೀರಕ್ಕೆ ಪ್ರಯೋಜನವಿಲ್ಲ. ಹಡಗನ್ನು ಬರಮಾಡಿಕೊಳ್ಳುವ ಬಂದರು ಎಷ್ಟು ಕಟ್ಟುನಿಟ್ಟೋ ಹಡಗು ಅಷ್ಟೇ ಸುರಕ್ಷಿತ.

ಬಾವುಟಗಳೆಲ್ಲ ಒಂದೇ ಎಂದು ನಾನು ಹೇಳುತ್ತಿಲ್ಲ. ತಪಾಸಣೆಯಲ್ಲಿ ಒಳ್ಳೆಯ ದಾಖಲೆಯಿರುವ ಬಾವುಟಗಳದೆಂದು ಯುರೋಪಿನ ಬಂದರುಗಳು ಇಟ್ಟುಕೊಂಡಿರುವ ಬಿಳಿ ಪಟ್ಟಿಯಲ್ಲಿ ಲೈಬೀರಿಯಾ, ಮಾರ್ಷಲ್ ದ್ವೀಪ ಎರಡೂ ಇವೆ. ಹೊಸ, ಒಳ್ಳೆಯ ಹಡಗುಗಳು ಅವರ ಬಾವುಟದ ಕೆಳಗೆ ಸಾವಿರಾರಿವೆ. ವಾನ್ ಹೈ 503 ಸಿಂಗಪುರದ್ದು, ಅದು ಗೌರವದ ಬಾವುಟ. 2021ರಲ್ಲಿ ಕೊಲಂಬೊ ಎದುರು ಸುಟ್ಟು ಮುಳುಗಿದ ಎಕ್ಸ್-ಪ್ರೆಸ್ ಪರ್ಲ್ ಕೂಡ ಸಿಂಗಪುರದ ನೋಂದಣಿಯದೇ. ಆ ಹಡಗಿನಲ್ಲಿ ನೈಟ್ರಿಕ್ ಆಮ್ಲದ ಕಂಟೇನರ್ ಸೋರುತ್ತಿದೆಯೆಂದು ಕತಾರಿನ ಹಮದ್ ಬಂದರಿಗೂ ಗುಜರಾತಿನ ಹಜೀರಾ ಬಂದರಿಗೂ ತಿಳಿಸಿ, ಇಳಿಸಿಕೊಳ್ಳಿ ಎಂದು ಕೇಳಿದ್ದರು. ಎರಡೂ ಕಡೆ ಆಗುವುದಿಲ್ಲ ಎಂದರು. ಕೊನೆಗೆ ಅನುಭವಿಸಿದ್ದು ಶ್ರೀಲಂಕಾದ ಮೀನುಗಾರರು. ಸರಾಸರಿಯ ಪಟ್ಟಿ ಒಂದೊಂದು ಹಡಗಿನ ಒಳಗನ್ನು ತೋರಿಸುವುದಿಲ್ಲ.

ಇನ್ನು ಪಟ್ಟಿಯ ತಳದಲ್ಲಿರುವವರ ಕಥೆಯೇ ಬೇರೆ. ಸಮುದ್ರವನ್ನೇ ಕಾಣದ ಮಂಗೋಲಿಯಾ ದೇಶಕ್ಕೂ ಹಡಗು ನೋಂದಣಿ ಇದೆ. ಆ ಬಾವುಟದ ಬ್ಲ್ಯಾಕ್ ರೋಸ್ 2009ರ ಸೆಪ್ಟೆಂಬರಿನಲ್ಲಿ ಪಾರಾದೀಪದಲ್ಲಿ ಕಬ್ಬಿಣದ ಅದಿರು ತುಂಬಿಕೊಂಡು ಮಗುಚಿತು. ಆಮೇಲೆ ನೋಡಿದರೆ ವಿಮೆಯ ಕಾಗದವೇ ನಕಲಿ. 2022ರ ನಂತರ ರಷ್ಯಾದ ಮೇಲಿನ ನಿರ್ಬಂಧಗಳಿಂದಾಗಿ ಹಳೆಯ ಟ್ಯಾಂಕರುಗಳ ಒಂದು ದೊಡ್ಡ ಹಿಂಡು ಗ್ಯಾಬೊನ್, ಕೊಮೊರೊಸ್, ಕುಕ್ ದ್ವೀಪಗಳಂಥ ಬಾವುಟಗಳಿಗೆ ಸರಿದಿದೆ. ಕೆಲವಂತೂ ಇಲ್ಲದ ನೋಂದಣಿಯ ಸುಳ್ಳು ಬಾವುಟ ಹಾರಿಸುತ್ತಿವೆ. 2023ರ ಮೇ 1ರಂದು ಮಲೇಷ್ಯಾ ಹತ್ತಿರ ಸಿಡಿದು ಮೂವರು ನಾವಿಕರನ್ನು ನುಂಗಿದ ಪಾಬ್ಲೊ ಎಂಬ ಟ್ಯಾಂಕರ್ ಗ್ಯಾಬೊನ್ ಬಾವುಟದ್ದು. 2024ರ ಜುಲೈಯಲ್ಲಿ ಒಮಾನ್ ಬಳಿ ಮಗುಚಿದ ಪ್ರೆಸ್ಟೀಜ್ ಫಾಲ್ಕನ್ ಕೊಮೊರೊಸ್‌ನದು. ಅದರ 16 ನಾವಿಕರಲ್ಲಿ 13 ಮಂದಿ ಭಾರತೀಯರು. ಐಎನ್‌ಎಸ್ ತೇಗ್ ಹೋಗಿ ಕೆಲವರನ್ನು ಉಳಿಸಿತು, ಎಲ್ಲರನ್ನೂ ಉಳಿಸಲಾಗಲಿಲ್ಲ.

ಹೀಗೆ ಮುಳುಗುವವರಿಗಿಂತ ಹೆಚ್ಚು ಜನ ತೇಲುತ್ತಲೇ ಕೊಳೆಯುತ್ತಾರೆ. ಸಂಬಳ ಕೊಡದೆ, ಊಟಕ್ಕೆ ಹಾಕದೆ, ಮನೆಗೆ ಕಳಿಸದೆ ಮಾಲೀಕ ಹಡಗನ್ನೂ ನಾವಿಕರನ್ನೂ ಯಾವುದೋ ಬಂದರಿನಾಚೆ ಬಿಟ್ಟು ಮಾಯವಾಗುತ್ತಾನೆ. 2024ರಲ್ಲಿ ಹಾಗೆ 300ಕ್ಕೂ ಹೆಚ್ಚು ಹಡಗುಗಳಲ್ಲಿ 3,000ಕ್ಕೂ ಹೆಚ್ಚು ನಾವಿಕರು ಸಿಕ್ಕಿಕೊಂಡರು ಎಂದು ಸಾರಿಗೆ ಕಾರ್ಮಿಕರ ಅಂತರರಾಷ್ಟ್ರೀಯ ಒಕ್ಕೂಟ ಲೆಕ್ಕ ಕೊಟ್ಟಿದೆ. ಅವರಲ್ಲಿ ಎಲ್ಲ ದೇಶದವರಿಗಿಂತ ಹೆಚ್ಚು ಭಾರತೀಯರು. ಮಗನನ್ನು ‘ಶಿಪ್ಪಿಗೆ ಕಳಿಸ್ತೇವೆ’ ಎಂದು ಏಜೆಂಟನಿಗೆ ಲಕ್ಷಗಟ್ಟಲೆ ಸುರಿಯುವ ತಂದೆತಾಯಂದಿರು ನಮ್ಮ ಜಿಲ್ಲೆಯಲ್ಲೂ ಇದ್ದಾರೆ. ಅವರು ಬಂದಾಗ ನಾನು ಮೊದಲು ಕೇಳುವುದು ಹಡಗಿನ ಐಎಂಒ ನಂಬರ್, ಅಂದರೆ ಅದರ ಅಂತರರಾಷ್ಟ್ರೀಯ ಗುರುತಿನ ಸಂಖ್ಯೆ. ಬಾವುಟ, ಹೆಸರು, ಮಾಲೀಕ ಎಲ್ಲ ಬದಲಾಗುತ್ತವೆ. ಆ ಏಳು ಅಂಕಿ ಹಡಗು ಒಡೆಯುವವರೆಗೂ ಬದಲಾಗುವುದಿಲ್ಲ. ನಂಬರ್ ಹೇಳಲು ಏಜೆಂಟ್ ತಡವರಿಸಿದರೆ ಹುಡುಗನನ್ನು ಕಳಿಸಬೇಡಿ ಎನ್ನುತ್ತೇನೆ.

ನಮ್ಮ ಕರಾವಳಿಗೆ ಇವೆಲ್ಲ ದೂರದ ಸುದ್ದಿಯಲ್ಲ. 2006ರ ಮೇ 30ರಂದು ಪನಾಮಾ ಬಾವುಟದ ಓಶನ್ ಸೆರಾಯ ಕಾರವಾರದೆದುರಿನ ಆಯ್ಸ್ಟರ್ ರಾಕ್ ದ್ವೀಪಗಳ ಬಂಡೆಗೆ ಬಡಿದು ಒಡೆಯಿತು. ಸುಮಾರು 650 ಟನ್ ಎಣ್ಣೆ. ಮುಂಗಾರು ಶುರುವಾಗಿತ್ತು, ಅಲೆಯ ಮೇಲೆ ಕಪ್ಪು ಹಬ್ಬಿತು, ಗೋವಾದ ತೀರದವರೆಗೆ ಹೋಯಿತು. ಆಗ ನಾನು ರಜೆಯ ಮೇಲೆ ಊರಲ್ಲಿದ್ದೆ. ಕಾರವಾರದಲ್ಲಿ ದಡದ ಮೇಲೆ ಬಲೆ ಹರಡಿಕೊಂಡು ಕೂತಿದ್ದ, ನನಗೆ ಗುರುತಿದ್ದ ಅಂಕೋಲೆಯ ಮುದುಕರೊಬ್ಬರು ಹೇಳಿದ್ದು ಇನ್ನೂ ಕಿವಿಯಲ್ಲಿದೆ: ‘ಬಾವ್ಟ ಯಾರದ್ದಾದ್ರೆ ಎಂತ, ತಮಾ? ಎಣ್ಣೆ ಬಂದದ್ದು ನಮ್ಮ ಬಲೆಗೆ.’ 2009ರ ಜುಲೈಯಲ್ಲಿ ಮಂಗಳೂರಿನಿಂದ ಅದಿರಿನ ಪುಡಿ ಹೊತ್ತು ಹೊರಟ ಏಷ್ಯನ್ ಫಾರೆಸ್ಟ್ ಸ್ವಲ್ಪ ದೂರ ಹೋಗಿ ಮುಳುಗಿತು. ಮಳೆಯಲ್ಲಿ ನೆಂದ ಅದಿರು ಹಡಗಿನ ಹೊಟ್ಟೆಯಲ್ಲಿ ಕೆಸರಾಗಿ ಒಂದು ಬದಿಗೆ ಜಾರುತ್ತದೆ, ಹಡಗು ವಾಲಿಬಿಡುತ್ತದೆ. ಅದಿರಿನಲ್ಲಿ ಎಷ್ಟು ತೇವವಿದೆ ಎಂಬ ಕಾಗದ ಕೊಡಬೇಕಾದವನು ಸರಕು ಕಳಿಸುವವನೇ. 2022ರ ಜೂನಿನಲ್ಲಿ 8,000 ಟನ್ ಉಕ್ಕಿನ ಸುರುಳಿ ಹೊತ್ತು ಚೀನಾದಿಂದ ಲೆಬನಾನಿಗೆ ಹೊರಟಿದ್ದ ಪ್ರಿನ್ಸೆಸ್ ಮಿರಾಲ್ ಉಚ್ಚಿಲದ ಬಟ್ಟಪ್ಪಾಡಿ ಬಳಿ ಮುಳುಗಿತು. ಕೋಸ್ಟ್ ಗಾರ್ಡ್ 15 ಸಿರಿಯನ್ ನಾವಿಕರನ್ನು ಉಳಿಸಿತು. ಆ ಮಳೆಗಾಲ ಕಳೆದರೂ ಹಡಗು ಅಲ್ಲೇ ಬಿದ್ದಿತ್ತು.

ಕಾನೂನಿನಲ್ಲಿ ದಾರಿಯಿಲ್ಲವೇ ಎಂದರೆ, 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದ ಹಡಗಿಗೂ ಬಾವುಟದ ದೇಶಕ್ಕೂ ನಿಜವಾದ ಸಂಬಂಧ ಇರಬೇಕು ಎನ್ನುತ್ತದೆ. ಆ ಸಂಬಂಧ ಯಾವುದೆಂದು ಬಿಡಿಸಿ ಹೇಳಲು 1986ರಲ್ಲಿ ಇನ್ನೊಂದು ಒಪ್ಪಂದ ಬರೆದರು. ಸಾಕಷ್ಟು ದೇಶಗಳು ಸೇರಲಿಲ್ಲ, ಅದು ಜಾರಿಗೇ ಬರಲಿಲ್ಲ. ಯುರೋಪು ಅದಕ್ಕೆ ಕಾಯಲಿಲ್ಲ. 1978ರಲ್ಲಿ ಲೈಬೀರಿಯಾ ಬಾವುಟದ ಅಮೊಕೊ ಕಾಡಿಜ್ ಫ್ರಾನ್ಸಿನ ಬ್ರಿಟನಿ ತೀರದಲ್ಲಿ ಎರಡು ಲಕ್ಷ ಟನ್ನಿಗೂ ಹೆಚ್ಚು ಎಣ್ಣೆ ಚೆಲ್ಲಿದ ಮೇಲೆ, 1982ರಲ್ಲಿ ಅಲ್ಲಿನ ದೇಶಗಳು ಪ್ಯಾರಿಸ್‌ನಲ್ಲಿ ಕೂತು ತಮ್ಮ ಬಂದರುಗಳಿಗೆ ಬರುವ ಪರದೇಶದ ಹಡಗುಗಳನ್ನು ತಾವೇ ತಪಾಸಣೆ ಮಾಡಿ, ಫಲಿತಾಂಶವನ್ನು ಪರಸ್ಪರ ಹಂಚಿಕೊಳ್ಳಲು ಒಪ್ಪಿದವು. ಹಿಂದೂ ಮಹಾಸಾಗರದ ದೇಶಗಳಿಗೂ 1999ರಿಂದ ಅಂಥದೇ ಒಪ್ಪಂದ ಇದೆ, ಭಾರತ ಅದರ ಸದಸ್ಯ. ಅಂದರೆ ಹತ್ತಿ ನೋಡುವ, ತಡೆದು ನಿಲ್ಲಿಸುವ ಅಧಿಕಾರ ನಮ್ಮ ಕೈಯಲ್ಲಿ ಆಗಲೇ ಇದೆ.

ಬಿಗಿ ಮಾಡಿದರೆ ಹಡಗುಗಳು ಬಾರದೆ ಬಂದರಿಗೆ ನಷ್ಟ ಎನ್ನುವವರಿದ್ದಾರೆ. ಮಂಗಳೂರಿನ ತೈಲ ಸಂಸ್ಕರಣಾಗಾರ ಎಂಆರ್‌ಪಿಎಲ್‌ಗೆ ಕಚ್ಚಾ ತೈಲ ತರುವ ಹಡಗು ನವಮಂಗಳೂರು ಬಿಟ್ಟು ಎಲ್ಲಿಗೆ ಹೋದೀತು? ನಮ್ಮ ಕಾಫಿ, ಗೇರುಬೀಜ ಹೋಗುವುದು ಎಲ್ಲಿಂದ? ನಿಯಮ ದೇಶದ ಎಲ್ಲ ಬಂದರಿಗೂ ಒಂದೇ ಆದರೆ ಯಾವ ಬಂದರಿಗೂ ಪ್ರತ್ಯೇಕ ನಷ್ಟವಿಲ್ಲ. ಆಸ್ಟ್ರೇಲಿಯಾದ ಕಲ್ಲಿದ್ದಲು ಬಂದರುಗಳೇನೂ ಖಾಲಿ ಬಿದ್ದಿಲ್ಲ. ಹಡಗುಗಳನ್ನೆಲ್ಲ ಭಾರತದ ಬಾವುಟಕ್ಕೆ ತನ್ನಿ ಎನ್ನುವವರ ಮಾತು ನನಗೂ ಇಷ್ಟ, ಆದರೆ ಜಗತ್ತಿನ ಹಡಗುಗಳಲ್ಲಿ ನಮ್ಮ ಬಾವುಟದ ಪಾಲು ತೀರ ಸಣ್ಣದು. ಆ ದಿನ ಬರುವವರೆಗೆ ಈ ತೀರ ಕಾಯಲಾರದು.

ಶಿಪ್ಪಿಂಗ್ ಮಹಾನಿರ್ದೇಶನಾಲಯದ ಸರ್ವೇಯರ್‌ಗಳು ಹತ್ತಿದ ಪ್ರತಿ ಹಡಗಿನಲ್ಲೂ ಫೈರ್ ಪಂಪು, ತುರ್ತು ಜನರೇಟರು, ಲೈಫ್‌ಬೋಟು ಇವನ್ನು ಓಡಿಸಿಯೇ ನೋಡಬೇಕು, ಅದಕ್ಕೆ ಬೇಕಾದಷ್ಟು ಜನರನ್ನು ಸರ್ಕಾರ ಕೊಡಬೇಕು. ಮುಳುಗಿದ ಹಡಗನ್ನು ಎತ್ತಿಸುವ ಖರ್ಚಿನ ವಿಮೆಯ ಕಾಗದ ಅಸಲಿಯೇ ಎಂದು ವಿಮೆ ಕಂಪನಿಯನ್ನೇ ಕೇಳಿ ಖಚಿತಪಡಿಸಿಕೊಂಡ ಮೇಲಷ್ಟೇ ಹಡಗು ಒಳಗೆ ಬರಬೇಕು. ಎಲ್ಸಾ 3, ವಾನ್ ಹೈ 503 ಎರಡರ ತನಿಖಾ ವರದಿಗಳೂ ಮಲಯಾಳದಲ್ಲಿ, ಕನ್ನಡದಲ್ಲಿ ಮೀನುಗಾರರ ಸಂಘಗಳ ಕೈಗೆ ಸಿಗಬೇಕು. ಇವು ದೆಹಲಿಗೆ, ಮುಂಬೈಗೆ ಹೇಳುವ ಮಾತುಗಳು.

ಬೆಂಗಳೂರಿಗೆ ಹೇಳುವುದು ಬೇರೆ ಇದೆ. ಎಲ್ಸಾ ಮುಳುಗಿದ ಮೇಲೆ ಕೇರಳ ಸರ್ಕಾರ ಹೈಕೋರ್ಟಿನಲ್ಲಿ 9,531 ಕೋಟಿ ರೂಪಾಯಿ ಪರಿಹಾರ ಕೇಳಿ, ಅದೇ ಕಂಪನಿಯ ಇನ್ನೊಂದು ಹಡಗನ್ನು ವಿಳಿಞಂನಲ್ಲಿ ತಡೆಹಿಡಿಸಿತು. ಕೋರ್ಟು ಕೊನೆಗೆ 1,227 ಕೋಟಿ ರೂಪಾಯಿಯಷ್ಟು ಭದ್ರತೆ ಇಡಲು ಹೇಳಿತು. 2017ರ ನೌಕಾ ವ್ಯಾಜ್ಯ ಕಾಯ್ದೆ ಹಡಗನ್ನು ಹೀಗೆ ಜಪ್ತಿ ಮಾಡುವ ಅಧಿಕಾರವನ್ನು ಕರ್ನಾಟಕ ಹೈಕೋರ್ಟಿಗೂ ಕೊಟ್ಟಿದೆ. ಆದರೆ ನಾಳೆ ನಾವು ಕೋರ್ಟಿಗೆ ಹೋದರೆ ಎದುರಿನ ವಕೀಲರ ಮೊದಲ ಪ್ರಶ್ನೆ, ಎಣ್ಣೆ ಬೀಳುವ ಮೊದಲು ನಿಮ್ಮ ನೀರು ಹೇಗಿತ್ತು, ಎಷ್ಟು ಮೀನು ಸಿಗುತ್ತಿತ್ತು ಎಂಬುದು. ಅಘನಾಶಿನಿಯಲ್ಲಿ ಬಳಚು ಆರಿಸುವ ಹೆಂಗಸರ ದಿನದ ಗಳಿಕೆ ಯಾವ ಪುಸ್ತಕದಲ್ಲಿದೆ? ಕಾಳಿ, ಶರಾವತಿ ಮುಖದ ಮಣ್ಣಿನಲ್ಲಿ ಈಗ ಎಷ್ಟು ಎಣ್ಣೆಯ ಅಂಶವಿದೆ, ನೇತ್ರಾಣಿಯ ಹವಳದ ಸ್ಥಿತಿ ಏನು ಎಂಬುದನ್ನು ವರ್ಷವರ್ಷವೂ ಅಳೆದು, ಕೋರ್ಟು ಒಪ್ಪುವಂತೆ ಬರೆದಿಡಬೇಕು. ಮಂಗಳೂರಿನಲ್ಲಿ ಮೀನುಗಾರಿಕಾ ಕಾಲೇಜು ಇದೆ, ಕಾರವಾರದಲ್ಲಿ ಸಮುದ್ರ ಜೀವಶಾಸ್ತ್ರ ಓದುವ ಹುಡುಗ ಹುಡುಗಿಯರಿದ್ದಾರೆ. ಕೆಲಸ ಬಲ್ಲವರಿಗೆ ಬರವಿಲ್ಲ. ಮೀನುಗಾರಿಕಾ ಇಲಾಖೆ ಈ ವರ್ಷದ ಬಜೆಟ್ಟಿನಲ್ಲೇ ಹಣ ಕೇಳಿ, ಮುಂದಿನ ಟ್ರಾಲಿಂಗ್ ನಿಷೇಧದ ಎರಡು ತಿಂಗಳಲ್ಲಿ ದೋಣಿಗಳು ದಡದಲ್ಲಿರುವಾಗಲೇ ಮನೆಮನೆಯ ಲೆಕ್ಕ ಬರೆಸಲು ಶುರು ಮಾಡಬೇಕು.